‘ಮತ್ತೊಮ್ಮೆ ಪ್ರಯತ್ನಿಸಿ’ ಅಂದರೆ ಏನು ಮಾಡಬೇಕು?

ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಶಾಲೆಯ ಲ್ಯಾಪ್‌ಟಾಪನ್ನು ಮನೆಗೆ ತಂದು, ಜಗಲಿಯಲ್ಲಿ ಕೂತು ಒಂದೇ ಬಟನ್ನನ್ನು ಮತ್ತೆ ಮತ್ತೆ ಒತ್ತುತ್ತಿದ್ದೆ. ನಮ್ಮ ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಸ್ಕಾಲರ್‌ಶಿಪ್ ಅರ್ಜಿ. ಎಲ್ಲ ಕಾಲಂ ತುಂಬಿ ಆಗಿತ್ತು, ಬಾಕಿ ಇದ್ದದ್ದು ಆದಾಯ ಸರ್ಟಿಫಿಕೇಟಿನ ಫೈಲ್ ಒಂದೇ. ಅಪ್‌ಲೋಡ್ ಒತ್ತಿದರೆ ಒಂದು ಚಕ್ರ ತಿರುಗುತ್ತದೆ. ತಿರುಗಿ ತಿರುಗಿ ಕೊನೆಗೆ "ಸಂಥಿಂಗ್ ವೆಂಟ್ ರಾಂಗ್, ಪ್ಲೀಸ್ ಟ್ರೈ ಅಗೇನ್" ಅನ್ನುತ್ತದೆ. ಸರಿ, ಟ್ರೈ ಅಗೇನ್. ಮತ್ತೆ ಚಕ್ರ, ಮತ್ತೆ ಅದೇ ಮಾತು. ಹನ್ನೆರಡು ಗಂಟೆಗೆ ಕೊನೆಯ ದಿನಾಂಕ ಮುಗಿಯಿತು. ಫೈಲ್ ಹೋಗಲೇ ಇಲ್ಲ.

ಆ ಹುಡುಗಿಯ ಅಮ್ಮ ಬೀಡಿ ಕಟ್ಟುವವರು. ಅದಕ್ಕೆ ಮೊದಲು ಎರಡು ದಿನ ಅವರು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ಬಂದಿದ್ದರು. ಅಲ್ಲಿಯೂ ಇದೇ ಮಾತು. ಎರಡು ದಿನದ ಕೆಲಸ ಹೋಯಿತು, ಬಸ್ ಚಾರ್ಜು ಹೋಯಿತು. ಮೂರನೇ ದಿನ ನನ್ನ ಹತ್ತಿರ ಬಂದರು. ನಾನಾದರೂ ಏನು ಹೇಳಿದೆ? "ಕೊನೆಯ ದಿನ ಅಲ್ವಾ, ಸೈಟು ಬ್ಯುಸಿ ಇರಬೇಕು. ರಾತ್ರಿ ಲೋಡು ಕಡಿಮೆ ಆದಮೇಲೆ ನಾನೇ ಕಳಿಸುತ್ತೇನೆ, ನೀವು ಹೋಗಿ" ಅಂದೆ. ಶಾಲೆಯ ಐಟಿ ಸಂಯೋಜಕ ಅಂತ ನನಗೊಂದು ಹೆಸರು ಬೇರೆ ಉಂಟು. ಅವರು ನಂಬಿ ಹೋದರು.

ವಿಚಿತ್ರ ಏನೆಂದರೆ ಅದೇ ರಾತ್ರಿ, ಅದೇ ಲ್ಯಾಪ್‌ಟಾಪಿನಿಂದ, ಅದೇ ಇಂಟರ್‌ನೆಟ್ಟಿನಲ್ಲಿ ಇನ್ನೊಬ್ಬ ಹುಡುಗನ ಫೈಲು ಒಂದೇ ಸಲಕ್ಕೆ ಹೋಗಿತ್ತು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವನ ಅದೃಷ್ಟ ಅಂದುಕೊಂಡೆ. ಮರುದಿನ ಸ್ಟಾಫ್ ರೂಮಿನಲ್ಲಿ ಚಾ ಕುಡಿಯುವಾಗ ಈ ಕಥೆ ಹೇಳಿದರೆ, ಹೊಸದಾಗಿ ಬಂದ ಟೀಚರ್ ಒಬ್ಬರು ತಲೆ ಎತ್ತಿ ಕೇಳಿದರು, "ಫೈಲಿನ ಹೆಸರು ಕನ್ನಡದಲ್ಲಿತ್ತಾ ಮಾಷೇ?" ಹೌದು, ಕನ್ನಡದಲ್ಲಿತ್ತು. ಹುಡುಗಿಯ ಅಣ್ಣ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಚಂದ ಮಾಡಿ ‘ಆದಾಯ ಸರ್ಟಿಫಿಕೇಟ್’ ಅಂತ ಕನ್ನಡದಲ್ಲಿ ಹೆಸರು ಕೊಟ್ಟಿದ್ದ. ಆ ಪೋರ್ಟಲಿಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಬಿಟ್ಟು ಬೇರೆ ಹೆಸರು ಆಗುವುದಿಲ್ಲ. ಹಿಂದಿನ ವರ್ಷ ಆ ಟೀಚರೂ ಇದೇ ಗುಂಡಿಗೆ ಬಿದ್ದು ಎದ್ದವರು.

ಅಂದರೆ ಮೂರು ದಿನ ನಾವೆಲ್ಲ ಸೇರಿ ಎಷ್ಟು ಸಲ ಒತ್ತಿದರೂ, ಇನ್ನು ನೂರು ಸಲ ಒತ್ತಿದ್ದರೂ ಅದು ಹೋಗುತ್ತಿರಲಿಲ್ಲ. ಹೆಸರು ಬದಲಾಯಿಸಲು ಬೇಕಿದ್ದದ್ದು ಹತ್ತು ಸೆಕೆಂಡು. ಆದರೆ ಯಂತ್ರ ನಮಗೆ ಹೇಳಿದ್ದು "ಮತ್ತೊಮ್ಮೆ ಪ್ರಯತ್ನಿಸಿ" ಅಂತ! ಇದನ್ನು ನಾನು ಸುಳ್ಳು ಅನ್ನುತ್ತೇನೆ. ಒರಟು ಮಾತು ಅನ್ನಿಸಿದರೆ ಅನ್ನಿಸಲಿ.

ನಾನು ಮಂಗಳೂರಿನ ಕಡೆ ಟಿಸಿಎಚ್ ಮಾಡಿ, ಆಮೇಲೆ ಅಂಚೆ ಮೂಲಕ ಬಿಎ ಮುಗಿಸಿ, ಗಡಿ ದಾಟಿ ಕಾಸರಗೋಡಿಗೆ ಬಂದು ಮಾಸ್ಟ್ರಾದವನು. ಇಂಜಿನಿಯರ್ ಅಲ್ಲ. ಆದರೆ ಕೇರಳದ ಶಾಲೆಗಳಲ್ಲಿ ಒಂದು ಅನುಕೂಲ ಉಂಟು. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾಗಿ 2017ರಲ್ಲಿ ಕೈಟ್ ಅಂತ ಆದ ವ್ಯವಸ್ಥೆಯಿಂದಾಗಿ ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್. ರಜೆಯಲ್ಲಿ ತರಬೇತಿಗೆ ಕೂತು ಕೂತು ಟರ್ಮಿನಲ್ ಅಂದರೆ ಹೆದರುವುದನ್ನು ಬಿಟ್ಟಿದ್ದೇವೆ. ಕನ್ನಡ ಮಾಧ್ಯಮದ ಪಠ್ಯಪುಸ್ತಕದ ಪಿಡಿಎಫ್ ಇಳಿಸಲು ವಿಗೆಟ್, ಫೋಟೋ ಕಳಿಸಲು ಫೈಲ್‌ಜಿಲ್ಲಾ, ಹೀಗೆ ಒಂದಿಷ್ಟು ಕೈಗೆ ಹತ್ತಿದೆ. ಆ ಅರ್ಜಿಯ ಕಥೆ ಆದಮೇಲೆ, ಫೈಲ್ ಕಳಿಸುವ ಸಾಫ್ಟ್‌ವೇರುಗಳು ತಪ್ಪನ್ನು ಹೇಗೆ ಹೇಳಬೇಕು ಅಂತ ಯಾರಾದರೂ ಯೋಚಿಸಿದ್ದಾರಾ ಅಂತ ಹುಡುಕಿದೆ. ಯೋಚಿಸಿದ್ದಾರೆ ಮಾರಾಯ್ರೇ! ನಾನು ಬಾಲವಾಡಿಗೆ ಹೋಗುತ್ತಿದ್ದ ಕಾಲದಲ್ಲೇ ಯೋಚಿಸಿ ಬರೆದಿಟ್ಟಿದ್ದಾರೆ.

ಎಫ್‌ಟಿಪಿ ಅಂತ ಒಂದು ಉಂಟು, ಫೈಲ್ ಟ್ರಾನ್ಸ್‌ಫರ್ ಪ್ರೊಟೊಕಾಲ್. ಅದರ ನಿಯಮಗಳನ್ನು ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಎಂಬಿಬ್ಬರು 1985ರ ಅಕ್ಟೋಬರಿನಲ್ಲಿ ಬರೆದರು. ಆರ್‌ಎಫ್‌ಸಿ 959 ಅಂತ ಅದರ ನಂಬರು. ನಮ್ಮ ಕಂಪ್ಯೂಟರು ಆಚೆಯ ಸರ್ವರಿಗೆ ಏನು ಕೇಳಿದರೂ ಅದು ಮೂರು ಅಂಕಿಯ ಒಂದು ಸಂಖ್ಯೆಯಲ್ಲಿ ಉತ್ತರ ಕೊಡಬೇಕು. ಮೊದಲ ಅಂಕಿ 2 ಆದರೆ ಕೆಲಸ ಆಯಿತು. 3 ಆದರೆ ಇನ್ನೂ ಏನೋ ಬೇಕು, ಹೆಸರು ಹೇಳಿದೆ, ಪಾಸ್‌ವರ್ಡ್ ಹೇಳು ಅಂದಹಾಗೆ. ಆಗಲಿಲ್ಲ ಅನ್ನುವುದಕ್ಕೆ ಎರಡು ಅಂಕಿ ಇಟ್ಟಿದ್ದಾರೆ, 4 ಮತ್ತು 5. ಯಾಕೆ ಎರಡು? ಇಲ್ಲೇ ಇರುವುದು ಸ್ವಾರಸ್ಯ. 4 ಅಂದರೆ ಸದ್ಯಕ್ಕೆ ಆಗಲಿಲ್ಲ, ಇದನ್ನೇ ಸ್ವಲ್ಪ ತಡೆದು ಮತ್ತೆ ಕೇಳು. 5 ಅಂದರೆ ಇದನ್ನೇ ಹೀಗೇ ಮತ್ತೆ ಕೇಳಬೇಡ.

ಯಾವುದಕ್ಕೆ 4 ಕೊಡಬೇಕು, ಯಾವುದಕ್ಕೆ 5 ಅನ್ನುವುದಕ್ಕೆ ಅವರು ಹೇಳಿದ ಒರೆಗಲ್ಲು ನನಗೆ ಬಹಳ ಹಿಡಿಸಿತು. ಕೇಳಿಕೆಯಲ್ಲಿ ಒಂದಕ್ಷರವನ್ನೂ ಬದಲಿಸದೆ, ಕೇಳುವವನ ಹೆಸರು, ಅಧಿಕಾರ ಯಾವುದೂ ಬದಲಾಗದೆ, ಆಚೆಯವನೂ ತನ್ನ ಸಾಫ್ಟ್‌ವೇರ್ ಬದಲಿಸದೆ, ಅದೇ ಕೇಳಿಕೆ ಇನ್ನೊಮ್ಮೆ ಸಫಲ ಆಗಬಹುದೇ? ಆಗಬಹುದಾದರೆ 4. ಇಲ್ಲವಾದರೆ 5. ಇದನ್ನೇ ನಮ್ಮ ಸಾಫ್ಟ್‌ವೇರಿನವರು ರಿಟ್ರೈ ಮಾಡಬಹುದಾದ ಎರರ್, ಫೇಟಲ್ ಎರರ್ ಅಂತ ಕರೆಯುವುದು. ಫೇಟಲ್ ಅಂದ ಕೂಡಲೇ ಪ್ರಾಣ ಹೋಯಿತು ಅಂತ ತಿಳಿಯಬಾರದು. ಕಾಗುಣಿತ ತಿದ್ದಿ, ಅನುಮತಿ ಪಡೆದು ಮತ್ತೆ ಕಳಿಸಲಿಕ್ಕೆ ಮನುಷ್ಯನಿಗೆ ಯಾವಾಗಲೂ ದಾರಿ ಇದೆ ಅಂತ ಅದೇ ಬರಹದಲ್ಲಿ ಹೇಳಿದೆ. ಯಂತ್ರ ತಾನಾಗಿ ಒತ್ತುತ್ತಾ ಕೂರಬಾರದು, ಅಷ್ಟೇ.

ಒಂದೆರಡು ಉದಾಹರಣೆ ನೋಡಿ. 450 ಅಂದರೆ ಫೈಲ್ ಈಗ ಸಿಗುವುದಿಲ್ಲ, ಬೇರೆ ಯಾರೋ ಉಪಯೋಗಿಸುತ್ತಿದ್ದಾರೆ. 550 ಅಂದರೂ ಫೈಲ್ ಸಿಗುವುದಿಲ್ಲ, ಆದರೆ ಅಂಥದ್ದೊಂದು ಇಲ್ಲವೇ ಇಲ್ಲ, ಅಥವಾ ನಿಮಗೆ ಅನುಮತಿ ಇಲ್ಲ. 452 ಅಂದರೆ ಸರ್ವರಿನಲ್ಲಿ ಜಾಗ ಸಾಲದು. 552 ಅಂದರೆ ನಿಮಗೆ ಅಂತ ಕೊಟ್ಟ ಪಾಲು ಮೀರಿತು. ರೇಷನ್ ಅಂಗಡಿಯಲ್ಲಿ "ಈ ವಾರದ ಅಕ್ಕಿ ಇನ್ನೂ ಬಂದಿಲ್ಲ" ಅನ್ನುವುದಕ್ಕೂ "ನಿಮ್ಮ ಕಾರ್ಡಿನ ಅಕ್ಕಿ ಈ ತಿಂಗಳು ತಗೊಂಡಾಗಿದೆ" ಅನ್ನುವುದಕ್ಕೂ ಇರುವ ವ್ಯತ್ಯಾಸ ಅದು. ಎರಡರಲ್ಲೂ ಚೀಲ ಖಾಲಿ. ಆದರೆ ಮೊದಲನೆಯವರು ನಾಳೆ ಮತ್ತೆ ಬರಬೇಕು, ಎರಡನೆಯವರು ಬಂದು ಪ್ರಯೋಜನ ಇಲ್ಲ. ಇಬ್ಬರಿಗೂ "ಅಕ್ಕಿ ಇಲ್ಲ, ಮತ್ತೆ ಬನ್ನಿ" ಅಂತ ಹೇಳಿ ಕಳಿಸುವ ಅಂಗಡಿಯವನನ್ನು ಊರವರು ಸುಮ್ಮನೆ ಬಿಡುತ್ತಾರೆಯೇ?

ಇನ್ನು 553. ಅದರ ಅರ್ಥ ಏನು ಗೊತ್ತೇ? ಈ ಫೈಲಿನ ಹೆಸರು ನಡೆಯುವುದಿಲ್ಲ! ನಮ್ಮ ಹುಡುಗಿಯ ಸರ್ಟಿಫಿಕೇಟಿಗೆ ಬೇಕಾಗಿದ್ದ ಉತ್ತರಕ್ಕೆ 1985ರಲ್ಲೇ ಒಂದು ನಂಬರು ಇತ್ತು. ಅದನ್ನು ಓದಿದ ದಿನ ನನಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಈಗಿನ ಪೋರ್ಟಲುಗಳು ಎಫ್‌ಟಿಪಿ ಅಲ್ಲ, ಎಚ್‌ಟಿಟಿಪಿ ಮೇಲೆ ನಡೆಯುತ್ತವೆ. ಅಲ್ಲಿಯೂ ಮೂರಂಕಿ ಸಂಖ್ಯೆಗಳೇ. ಆದರೆ ತಮಾಷೆ ನೋಡಿ, ಅಲ್ಲಿ 4 ಅಂದರೆ ತಪ್ಪು ಕೇಳಿದವನದು, 5 ಅಂದರೆ ತಪ್ಪು ಸರ್ವರಿನದು. ಹಾಗಾಗಿ ಅರ್ಥ ಹೆಚ್ಚು ಕಡಿಮೆ ತಿರುಗಿಬಿದ್ದಿದೆ. ಎಚ್‌ಟಿಟಿಪಿಯ 404, ಅಂದರೆ ಪುಟವೇ ಇಲ್ಲ, ಮತ್ತೆ ಕೇಳಿ ಫಲವಿಲ್ಲ. 413, ಫೈಲು ದೊಡ್ಡದಾಯಿತು, ಚಿಕ್ಕದು ಮಾಡದೆ ಹೋಗದು. 503 ಅಂದರೆ ಸರ್ವರ್ ಸದ್ಯ ಸೋತಿದೆ, ಆಮೇಲೆ ಬನ್ನಿ. ಇದರಲ್ಲೂ ಅಪವಾದಗಳುಂಟು. 408 ಅಂದರೆ ನೀವು ಕಳಿಸುವುದು ತಡವಾಯಿತು, 429 ಅಂದರೆ ಬಹಳ ಸಲ ಕೇಳಿದಿರಿ. ಎರಡೂ 4ರ ಸಾಲಿನವು, ಆದರೂ ತಡೆದು ಮತ್ತೆ ಕಳಿಸಬಹುದು. ಎಫ್‌ಟಿಪಿ ಅಭ್ಯಾಸದಲ್ಲಿ 4 ಕಂಡರೆ ಮತ್ತೆ ಒತ್ತುವ ಪ್ರೋಗ್ರಾಮ್ ಬರೆದವನು ಇಲ್ಲಿ ಪೂರಾ ಉಲ್ಟಾ ಹೊಡೆಯುತ್ತಾನೆ.

ನನ್ನ ಅಭಿಪ್ರಾಯ ಕೇಳಿದರೆ ಎಫ್‌ಟಿಪಿಯ ಪ್ರಶ್ನೆಯೇ ದೊಡ್ಡದು. ಎಚ್‌ಟಿಟಿಪಿ ಮೊದಲು ಕೇಳುವುದು ತಪ್ಪು ಯಾರದು ಅಂತ. ಎಫ್‌ಟಿಪಿ ಕೇಳುವುದು ಈಗ ಏನು ಮಾಡಬೇಕು ಅಂತ. ಅಂಗಡಿಯ ಬೆಂಚಿನಲ್ಲಿ ಕೂತ ಆ ಅಮ್ಮನಿಗೆ ತಪ್ಪು ಯಾರದಾದರೂ ಒಂದೇ. ಅವರಿಗೆ ಬೇಕಾದದ್ದು ಒಂದೇ ವಿಷಯ, ಇಲ್ಲಿ ಇನ್ನೂ ಕಾಯಬೇಕೇ, ಏನಾದರೂ ತಿದ್ದಬೇಕೇ, ಅಥವಾ ಎದ್ದು ಬೇರೆ ಕಚೇರಿಗೆ ಹೋಗಬೇಕೇ?

ಇದರಲ್ಲಿ ನನಗೂ ಒಂದು ಪಾಠ ಆಗಿದೆ. ಮಕ್ಕಳ ಕಾಪಿ ತಿದ್ದುವಾಗ ತಪ್ಪಾದ ಶಬ್ದಕ್ಕೆ ಗೆರೆ ಎಳೆದು "ಹತ್ತು ಸಲ ಬರೆ" ಅನ್ನುವುದು ನಮ್ಮ ಹಳೆಯ ಕ್ರಮ. ಬಹಳ ವರ್ಷದ ಹಿಂದೆ ನಾಲ್ಕನೆಯ ಒಬ್ಬ ಹುಡುಗ ‘ವಿದ್ಯಾರ್ಥಿ’ಯ ಅರ್ಕಾವೊತ್ತು ಬಿಟ್ಟು ಬರೆದಿದ್ದ. ನಾನು ಗೆರೆ ಎಳೆದೆ, ಹತ್ತು ಸಲ ಅಂದೆ. ಮರುದಿನ ಅವನು ಮುದ್ದಾಗಿ, ಗೆರೆಯ ಮೇಲೆಯೇ, ಹತ್ತು ಸಲವೂ ಅರ್ಕಾವೊತ್ತು ಬಿಟ್ಟು ಬರೆದು ತಂದ. ಅವನದೇನು ತಪ್ಪು? ಎಲ್ಲಿ ತಪ್ಪಿದೆ ಅಂತ ನಾನು ತೋರಿಸಲೇ ಇಲ್ಲವಲ್ಲ. ಆ ಪೋರ್ಟಲಿನ ಮುಂದೆ ನಾನು ಕೂತದ್ದೂ ಆ ಹುಡುಗನ ಹಾಗೆಯೇ.

ಉಲ್ಟಾ ತಪ್ಪೂ ಉಂಟು, ಅದನ್ನು ಮಾಡಿದವನು ನಾನೇ. ಉಪಜಿಲ್ಲಾ ಕಲೋತ್ಸವದ ಫೋಟೋಗಳನ್ನು ಒಂದು ಸರ್ವರಿಗೆ ಕಳಿಸುವ ಕೆಲಸ ಒಮ್ಮೆ ನನ್ನ ತಲೆಗೆ ಬಂತು. ಲೈನು ಆಗಾಗ ಕಡಿಯುತ್ತದೆ, ರಾತ್ರಿಯಿಡೀ ಯಾರು ಕೂರುವುದು ಅಂತ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಹೋಗದಿದ್ದರೆ ಮತ್ತೆ ಕಳಿಸು, ಹೋಗುವವರೆಗೆ ಕಳಿಸು. ಬಹಳ ಜಾಣತನ ಅಂದುಕೊಂಡಿದ್ದೆ. ಅದೇ ದಿನ ಆಚೆಯವರು ಪಾಸ್‌ವರ್ಡ್ ಬದಲಿಸಿದ್ದರು. ನನ್ನ ಸ್ಕ್ರಿಪ್ಟ್ ಹಳೆಯ ಪಾಸ್‌ವರ್ಡ್ ಹಿಡಿದು ಬೆಳಗಿನವರೆಗೆ ಬಾಗಿಲು ಬಡಿದಿದೆ. ಸರ್ವರ್ ಪ್ರತಿ ಸಲವೂ 530 ಅಂದಿದೆ, ಲಾಗಿನ್ ಆಗಿಲ್ಲ ಅಂತ. ಮೊದಲ ಅಂಕಿ 5. ನಾನು ಅಂಕಿ ನೋಡುವ ಸಾಲನ್ನೇ ಬರೆದಿರಲಿಲ್ಲ. ಬೆಳಗ್ಗೆ ನೋಡಿದರೆ ಯಾರೋ ಕಳ್ಳ ಅಂತ ತಿಳಿದು ನಮ್ಮ ಶಾಲೆಯ ಐಪಿ ವಿಳಾಸವನ್ನೇ ತಡೆದುಬಿಟ್ಟಿದ್ದರು. ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು.

ಒಳ್ಳೆಯ ಸಾಫ್ಟ್‌ವೇರುಗಳು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮ ನೋಡಿ. ವಿಗೆಟ್ ಸುಮ್ಮನೆ ಬಿಟ್ಟರೆ 20 ಸಲ ಪ್ರಯತ್ನಿಸುತ್ತದೆ. ಆದರೆ 404 ಬಂದರೆ ಮೊದಲ ಸಲಕ್ಕೇ ನಿಲ್ಲಿಸುತ್ತದೆ. ಆಚೆಯ ಕಂಪ್ಯೂಟರು ‘ಕನೆಕ್ಷನ್ ರಿಫ್ಯೂಸ್ಡ್’ ಅಂದರೂ ಹಾಗೆಯೇ. ಆದರೆ ಸರ್ವರ್ ಆಗಷ್ಟೇ ರೀಸ್ಟಾರ್ಟ್ ಆಗುತ್ತಿದ್ದರೂ ಇದೇ ಉತ್ತರ ಬರುವುದರಿಂದ, ಅದನ್ನು ತಾತ್ಕಾಲಿಕ ಅಂತ ತಿಳಿ ಎಂದು ಹೇಳಲು ಬೇರೆ ಆಯ್ಕೆ ಇಟ್ಟಿದ್ದಾರೆ. ಅರ್ಧ ಇಳಿದ ಫೈಲನ್ನು ಬಿಸಾಡದೆ ಅಲ್ಲಿಂದಲೇ ಮುಂದುವರಿಸುವ ಆಯ್ಕೆಯೂ ಉಂಟು. ನಮ್ಮ ಮಳೆಗಾಲದಲ್ಲಿ ಅದಿಲ್ಲದೆ ಒಂದು ದೊಡ್ಡ ಪಿಡಿಎಫ್ ಇಳಿಸಿ ನೋಡಿ! ಕರ್ಲ್ ಅಂತ ಇನ್ನೊಂದು ಇದೆ. ರಿಟ್ರೈ ಮಾಡು ಅಂದರೆ ಅದು ಎಫ್‌ಟಿಪಿಯ 4ರ ಉತ್ತರಗಳನ್ನೂ, ಎಚ್‌ಟಿಟಿಪಿಯ 408, 429, 500, 502, 503, 504 ಮುಂತಾದವನ್ನೂ ಮಾತ್ರ ತಾತ್ಕಾಲಿಕ ಅಂತ ಎಣಿಸುತ್ತದೆ. ಮೊದಲು ಒಂದು ಸೆಕೆಂಡು ಕಾಯುತ್ತದೆ, ಆಮೇಲೆ ಎರಡು, ನಾಲ್ಕು, ಎಂಟು ಹೀಗೆ ಇಮ್ಮಡಿ ಮಾಡುತ್ತಾ ಹತ್ತು ನಿಮಿಷದವರೆಗೆ ಹೋಗುತ್ತದೆ. ಎಲ್ಲ ತಪ್ಪಿಗೂ ಮತ್ತೆ ಪ್ರಯತ್ನಿಸುವ ಆಯ್ಕೆಯೂ ಇದೆ, ಆದರೆ ಅದನ್ನು ಸುಮ್ಮಸುಮ್ಮನೆ ಬಳಸಬೇಡಿ ಅಂತ ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಈ ಇಮ್ಮಡಿ ಕಾಯುವುದು ಯಾಕೆ ಅಂತ ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಳ್ಳಿಯ ಹತ್ತಿರ ನಿಂತವರಿಗೆ ಬೇಗ ಅರ್ಥ ಆಗುತ್ತದೆ. ಬೆಲ್ಲು ಹೊಡೆದ ಕೂಡಲೇ ನೂರು ಮಕ್ಕಳು ತಟ್ಟೆ ಹಿಡಿದು ಓಡಿ ಬರುತ್ತಾರೆ. "ಐದು ನಿಮಿಷ ಬಿಟ್ಟು ಬನ್ನಿ" ಅಂದರೆ ಐದು ನಿಮಿಷ ಬಿಟ್ಟು ಅದೇ ನೂರು ಮಕ್ಕಳು ಒಟ್ಟಿಗೇ ಬರುತ್ತಾರೆ. ಒಬ್ಬನಿಗೆ ಎರಡು ನಿಮಿಷ, ಒಬ್ಬಳಿಗೆ ಏಳು ನಿಮಿಷ ಅಂತ ಚದುರಿಸಿದರೆ ಮಾತ್ರ ನಳ್ಳಿಗೆ ಉಸಿರು. ಹಾಗಾಗಿ ತಿಳಿದವರು ಕಾಯುವ ಸಮಯಕ್ಕೆ ಸ್ವಲ್ಪ ಲೆಕ್ಕಾಚಾರವಿಲ್ಲದ ಏರುಪೇರನ್ನೂ ಸೇರಿಸುತ್ತಾರೆ. ಕೊನೆಯ ದಿನ ಪೋರ್ಟಲ್ ನಿಜವಾಗಿಯೂ ಬ್ಯುಸಿ ಇರುವಾಗ "ಈಗಲೇ ಮತ್ತೊಮ್ಮೆ ಒತ್ತಿ" ಅನ್ನುವುದು ಹೊಗೆ ಬರುವ ಒಲೆಗೆ ಇನ್ನಷ್ಟು ಹಸಿ ಕಟ್ಟಿಗೆ ತುರುಕಿದ ಹಾಗೆ. ಎಚ್‌ಟಿಟಿಪಿಯಲ್ಲಿ ಸರ್ವರೇ ಇಷ್ಟು ಹೊತ್ತು ಬಿಟ್ಟು ಬನ್ನಿ ಅಂತ ಹೇಳಲಿಕ್ಕೆ ‘ರಿಟ್ರೈ ಆಫ್ಟರ್’ ಅನ್ನುವ ಜಾಗ ಇದೆ. ಅದನ್ನು ತುಂಬಿ ಕಳಿಸಿದರೆ ಪರದೆಯ ಮೇಲೆ "ಇಪ್ಪತ್ತು ನಿಮಿಷ ಬಿಟ್ಟು ಬನ್ನಿ" ಅಂತ ತೋರಿಸುವುದು ಎಷ್ಟರ ಕೆಲಸ?

ಮತ್ತೆ ಒತ್ತುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಫೈಲು ಪೂರ್ತಿ ಹೋಗಿ ತಲುಪಿರುತ್ತದೆ, ತಲುಪಿತು ಅನ್ನುವ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರುತ್ತದೆ. ಹಿಂದೆ ಮನಿಯಾರ್ಡರಿನ ದುಡ್ಡು ಮುಟ್ಟಿ ಸಹಿ ಮಾಡಿದ ಚೀಟಿ ಮಾತ್ರ ವಾಪಸು ಬಾರದೆ ಇದ್ದ ಹಾಗೆ. ಆಗ ಇನ್ನೊಮ್ಮೆ ಕಳಿಸುವ ಮೊದಲು ಅಲ್ಲಿ ಏನಿದೆ, ಎಷ್ಟು ದೊಡ್ಡದಿದೆ ಅಂತ ಸಾಫ್ಟ್‌ವೇರೇ ನೋಡಬೇಕು. ಇಲ್ಲವಾದರೆ ಒಬ್ಬಳೇ ಹುಡುಗಿಗೆ ಎರಡು ಅರ್ಜಿ ಆಗಿ, ಎರಡೂ ತಿರಸ್ಕಾರ ಆಗುವ ಭಾಗ್ಯವೂ ಬರಬಹುದು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಊರಿಗೆ ಬಂದಾಗ ಇದನ್ನೆಲ್ಲ ಹೇಳಿ ಜಗಳ ತೆಗೆದೆ. ಅವನು ಹೇಳಿದ, "ಸಾರ್, ಎಲ್ಲವನ್ನೂ ಬಿಡಿಸಿ ಹೇಳಿದರೆ ಕಳ್ಳರಿಗೆ ಸಹಾಯ ಆಗುತ್ತದೆ. ಅದಲ್ಲದೆ ಸಾಮಾನ್ಯ ಜನಕ್ಕೆ ಈ ನಂಬರುಗಳು ಯಾಕೆ, ಹೆದರಿಕೊಳ್ಳುತ್ತಾರೆ." ಮೊದಲ ಮಾತಿನಲ್ಲಿ ಸ್ವಲ್ಪ ಸತ್ಯ ಉಂಟು. ಲಾಗಿನ್ ತಪ್ಪಿದಾಗ ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಅಂತ ಹೇಳದೆ ಇರುವುದೇ ಸರಿ. ಆದರೆ ಫೈಲಿನ ಹೆಸರು ಇಂಗ್ಲಿಷಿನಲ್ಲಿ ಇರಲಿ ಅಂತ ಹೇಳಿದರೆ ಯಾವ ಕಳ್ಳನಿಗೆ ಯಾವ ಕೀಲಿಕೈ ಸಿಕ್ಕಿತು? ಎರಡನೆಯ ಮಾತನ್ನು ನಾನು ಒಪ್ಪುವುದೇ ಇಲ್ಲ. ಜನ ನಂಬರಿಗೆ ಹೆದರುವುದಿಲ್ಲ. ಬಸ್ಸಿನ ನಂಬರು, ರೇಷನ್ ಕಾರ್ಡಿನ ನಂಬರು, ಸರ್ವೆ ನಂಬರು ಎಲ್ಲ ಬಾಯಿಪಾಠ ಇರುವ ಜನ ಇವರು. ಅವರು ಹೆದರುವುದು ಕಚೇರಿಯಲ್ಲಿ "ಎರರ್ ಬಂತು" ಅಂದಾಗ "ಯಾವ ಎರರ್?" ಅಂತ ಕೇಳಿದರೆ ಹೇಳಲು ಏನೂ ಇಲ್ಲದ್ದಕ್ಕೆ.

ಎಲ್ಲ ತಪ್ಪನ್ನೂ 4 ಅಥವಾ 5 ಅಂತ ಖಚಿತವಾಗಿ ವಿಂಗಡಿಸುವುದು ಸುಲಭ ಅಲ್ಲ, ಒಪ್ಪುತ್ತೇನೆ. ‘ತಾತ್ಕಾಲಿಕ’ ಅಂದರೆ ಎಷ್ಟು ಹೊತ್ತು ಅಂತ ಇಬ್ಬರು ಒಪ್ಪುವುದೇ ಕಷ್ಟ ಅಂತ ಆ 1985ರ ಬರಹದಲ್ಲೇ ಒಪ್ಪಿಕೊಂಡಿದ್ದಾರೆ. ಇಮೇಲಿನ ನಿಯಮದಲ್ಲೂ ಇದೇ 4 ಮತ್ತು 5 ಉಂಟು. ಅಲ್ಲಿ 4 ಬಂದರೆ ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬಿಟ್ಟು ಮತ್ತೆ ಕಳಿಸುತ್ತಾ, ನಾಲ್ಕೈದು ದಿನ ಆದಮೇಲೆ ಕೈಬಿಡಬೇಕು ಅಂತ ಇದೆ. ಕಾಗದಕ್ಕೆ ಅದು ಸರಿ. ಇವತ್ತು ರಾತ್ರಿ ಹನ್ನೆರಡಕ್ಕೆ ಬಾಗಿಲು ಹಾಕುವ ಅರ್ಜಿಗೆ ನಾಲ್ಕು ದಿನದ ತಾಳ್ಮೆ ಯಾತಕ್ಕೆ? ಹಾಗಾಗಿ ಕಾರಣ ತಿಳಿಯದಿದ್ದರೆ ಲೆಕ್ಕ ಹಾಕಿ ಮೂರೋ ನಾಲ್ಕೋ ಸಲ ತಾನೇ ಪ್ರಯತ್ನಿಸಲಿ, ಆಮೇಲೆ "ಇಷ್ಟು ಸಲ ಕಳಿಸಿದೆ, ಹೋಗಲಿಲ್ಲ, ಇನ್ನು ಒತ್ತಬೇಡಿ, ಈ ನಂಬರು ಬರೆದುಕೊಂಡು ಇಂಥ ಕಚೇರಿಗೆ ತಿಳಿಸಿ" ಅನ್ನಲಿ. ಕೆಟ್ಟದ್ದು ಸರ್ವರಿನ ಕಡೆಯಿಂದಾದರೆ ಕೊನೆಯ ದಿನಾಂಕವನ್ನೂ ಅದರ ಲೆಕ್ಕದಲ್ಲಿ ಮುಂದೆ ಹಾಕಲಿ. ಯಾರು ಯಾವಾಗ ಒತ್ತಿದರು, ಏನು ಉತ್ತರ ಬಂತು ಅನ್ನುವ ದಾಖಲೆ ಅವರ ಸರ್ವರಿನಲ್ಲಿ ಇಟ್ಟುಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಇಷ್ಟನ್ನು ಕನ್ನಡದಲ್ಲಿ ಹೇಳಲಿ ಅಂತ ಬೇರೆ ಹೇಳಬೇಕೇ? ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ ಬಂದ ಸಾಲನ್ನು ಓದಲಾಗದೆ ಮೊಬೈಲಿನಲ್ಲಿ ಫೋಟೋ ಹೊಡೆದು ನನಗೆ ಕಳಿಸುವ ತಾಯಂದಿರು ನಮ್ಮ ಶಾಲೆಯಲ್ಲಿ ಬಹಳ ಮಂದಿ. ಮೂರೇ ಮೂರು ವಾಕ್ಯ ಸಾಕು. ತಡೆದು ಮತ್ತೆ ಕಳಿಸಿ. ಇದನ್ನು ತಿದ್ದಿ ಕಳಿಸಿ. ಇದು ನಿಮ್ಮ ಕೈಯಲ್ಲಿಲ್ಲ, ಇವರನ್ನು ಕೇಳಿ.

ಆ ಅಮ್ಮನಿಗೆ ವಿಷಯ ತಿಳಿಸಲು ನಾನೇ ಅವರ ಮನೆಗೆ ಹೋಗಿದ್ದೆ. ಮೊರದಲ್ಲಿ ಎಲೆ ಕತ್ತರಿಸುತ್ತಾ ಕೇಳಿಸಿಕೊಂಡರು. ಬೈಯಲಿಲ್ಲ. "ಕನ್ನಡದಲ್ಲಿ ಬರೆದದ್ದು ತಪ್ಪಾಯ್ತಾ ಮಾಸ್ಟ್ರೇ?" ಅಂತ ಕೇಳಿದರು. ಕನ್ನಡ ಮಾಧ್ಯಮದ ಮಾಸ್ಟ್ರು ಅದಕ್ಕೆ ಏನು ಉತ್ತರ ಕೊಡಬೇಕು, ನೀವೇ ಹೇಳಿ. ಸಂಬಂಧಪಟ್ಟ ಕಚೇರಿಗೆ ಕಾಗದ ಬರೆದೆ, ಒಂದು ಅವಕಾಶ ಕೊಡಿ ಅಂತ. ದಿನಾಂಕ ಮುಗಿದಿದೆ ಅಂತ ಎರಡು ಸಾಲು ಬಂತು. ಅದು ಮಾತ್ರ ಒಂದೇ ಸಲಕ್ಕೆ ಸರಿಯಾಗಿ ತಲುಪಿತು.

ಈ ವರ್ಷದ ಅರ್ಜಿ ಮತ್ತೆ ಶುರುವಾಗಿದೆ. ಹುಡುಗಿ ಈಗ ಎಂಟನೆಯ ಕ್ಲಾಸಿಗೆ ಹೈಸ್ಕೂಲಿಗೆ ಹೋಗಿದ್ದಾಳೆ, ಆದರೂ ಫೈಲನ್ನು ನಾನೇ ಕಳಿಸಿಕೊಡುತ್ತೇನೆ ಅಂದಿದ್ದೇನೆ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಯಾವ ಫೈಲು, ಎಷ್ಟು ಗಂಟೆಗೆ, ಪರದೆಯಲ್ಲಿ ಏನು ಬಂತು ಅಂತ ಬರೆಯಲಿಕ್ಕೆ. ಎರಡು ಸಲ ಅದೇ ಉತ್ತರ ಬಂದರೆ ಮೂರನೆಯ ಸಲ ಒತ್ತುವುದಿಲ್ಲ, ಫೈಲಿನ ಹೆಸರು, ಅಳತೆ, ಬಗೆ ಮೂರನ್ನೂ ನೋಡುತ್ತೇನೆ. ಇವತ್ತು ಸಂಜೆಗೆ ಆರು ಮಂದಿಯ ಸರ್ಟಿಫಿಕೇಟ್ ಬಂದಿದೆ. ಅದರಲ್ಲಿ ನಾಲ್ಕರ ಹೆಸರು ಕನ್ನಡದಲ್ಲಿದೆ. ಅವನ್ನೆಲ್ಲ ಬದಲಾಯಿಸಲು ಕೂರಬೇಕು, ಕರೆಂಟು ಹೋಗುವ ಮೊದಲು.